ಇಬ್ಬರ ಬಟ್ಟೆಯ ಮಷೀನು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದಾಗ ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಈಗ ಕಪ್ಪು ಕೂದಲನ್ನು ಹುಡುಕಬೇಕು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, "ನಿಮಗಿದು ಒಪ್ಪಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವಳು. ಗಾಜಿನ ವಿಷಯಕ್ಕೆ ಬಂದಾಗ ಮಾತ್ರ ಮಾತು ಬೆಣ್ಣೆ. "ರಾತ್ರಿ ಗಾಡಿ ಓಡಿಸ್ತೀರಾ? ಹಾಗಾದ್ರೆ ಬೆಳಕು ಕುಕ್ಕದ ಗಾಜೇ ಬೇಕು." "ಮನೇಲಿ ಚಿಕ್ಕ ಮಕ್ಕಳಿದಾರಾ? ಗೀರು ಬೀಳದ ಗಾಜು ಹಾಕಿಸಿ, ಆಮೇಲೆ ನನ್ನ ನೆನೆಸ್ಕೋತೀರಿ." ಗಿರಾಕಿಯ ಬದುಕನ್ನು ಅವನ ಬಾಯಿಂದಲೇ ಬಿಡಿಸಿ, ಅದಕ್ಕೆ ತಕ್ಕ ಹೆಚ್ಚಿನ ಸೌಲಭ್ಯ ಅಂಟಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ.

ಇಂಥವಳು ಬಟ್ಟೆ ಒಣಗಿಸುವ ಮಷೀನು ಕೊಳ್ಳಲು ಹೋಗಿ ಎಡವಿದಳು ಎಂದರೆ ಅವಳನ್ನು ಬಲ್ಲವರು ನಂಬುವುದಿಲ್ಲ. ಆದರೂ ಎಡವಿದ್ದು ನಿಜ.

ಅವಳ ಮನೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಎದುರಿನ ಕಟ್ಟಡ ಎಷ್ಟು ಹತ್ತಿರವೆಂದರೆ ಅವರ ಅಡುಗೆಮನೆಯ ಗಡಿಯಾರದಲ್ಲಿ ಇವಳು ಹೊತ್ತು ನೋಡಿಕೊಳ್ಳಬಹುದಿತ್ತು. ಬಿಸಿಲು ಮಾತ್ರ ಇವಳ ಮನೆಯತ್ತ ಸುಳಿಯುತ್ತಿರಲಿಲ್ಲ, ಬಟ್ಟೆ ಒಣಗಲು ಮಷೀನೇ ಗತಿ. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಅವಳೂ ಅವಳ ತಂಗಿಯೂ ಇಬ್ಬರೇ. ಮದುವೆಯ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ದಿನಕ್ಕೊಂದು ಜಗಳವಾಡುತ್ತ, ಒಂದೇ ಪೇಪರನ್ನು ಹಾಳೆ ಹಂಚಿಕೊಂಡು ಓದುತ್ತ, ಹೀಗೇ ಮುದುಕಿಯರಾಗಿಬಿಡುತ್ತೇವೆ ಎಂದು ಅಕ್ಕ ನೆಮ್ಮದಿಯಾಗಿದ್ದಳು. ಅಷ್ಟರಲ್ಲಿ ಬೇಕರಿಯವನೊಬ್ಬ ಕನ್ನಡಕಕ್ಕೆಂದು ಬಂದ. ಹೆಂಡತಿ ತೀರಿಕೊಂಡವನು, ಮಾತು ಕಡಿಮೆ, ಮೊಣಕೈವರೆಗೂ ಹಿಟ್ಟು. ಕನ್ನಡಕದಕ್ಕನೇ ಕೈಯಾರೆ ಅವನ ಮೂಗಿಗೆ ಕನ್ನಡಕ ಏರಿಸಿ, "ಈಗ ದೂರ ನೋಡಿ" ಎಂದಳು. ದೂರದಲ್ಲಿ, ಬಾಗಿಲ ಬಳಿ, ಅಕ್ಕನ ಊಟದ ಡಬ್ಬಿ ಹಿಡಿದು ತಂಗಿ ನಿಂತಿದ್ದಳು. ಅವನಿಗೆ ಚೆನ್ನಾಗಿಯೇ ಕಂಡಿತು. ವರ್ಷ ತುಂಬುವುದರೊಳಗೆ, ಐವತ್ತರ ಅಂಚಿನಲ್ಲಿದ್ದ ತಂಗಿ ಅವನನ್ನು ಮದುವೆಯಾಗಿ ಊರಿನ ಆ ತುದಿಗೆ ಹೊರಟುಹೋದಳು.

ಅಕ್ಕ ನಗುತ್ತಲೇ ಕಳಿಸಿಕೊಟ್ಟಳು, ಏಕೆಂದರೆ ಅವಳ ಲೆಕ್ಕಾಚಾರವೇ ಬೇರೆ. ಬೇಕರಿಯವನು ಕತ್ತಲಿರುವಾಗಲೇ ಎದ್ದು ಒಲೆ ಹೊತ್ತಿಸುವವನು. ತಂಗಿಯೋ, ಹೊತ್ತೇರುವವರೆಗೂ ಮಲಗುವವಳು, ಒಂದು ಲೋಟ ಸದ್ದಾದರೂ ಮುಖ ಗಂಟಿಕ್ಕುವವಳು. ಎಷ್ಟು ದಿನ ನಡೆದೀತು ಈ ಸಂಸಾರ? ಮಳೆಗಾಲ ಮುಗಿಯುವುದರೊಳಗೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ, ನೋಡುತ್ತಿರಿ! ಮಳೆಗಾಲ ಮುಗಿಯಿತು, ಚಳಿಗಾಲವೂ ಬಂತು. ಬಚ್ಚಲಲ್ಲಿ ತಂಗಿಯ ಹಲ್ಲುಜ್ಜುವ ಬ್ರಷ್ಷು ಹಳೆಯದಾಯಿತೆಂದು ಅಕ್ಕ ಹೊಸದನ್ನು ತಂದಿಟ್ಟಳು. ಹುಚ್ಚು ಎಂದರೆ ಹುಚ್ಚೇ. ಆದರೆ ಹಾಗೆ ಹೇಳಲು ಮನೆಯಲ್ಲಿ ಇನ್ನೊಬ್ಬರು ಇರಬೇಕಲ್ಲ.

ಹಳೆಯ ಮಷೀನು ಕೈಕೊಟ್ಟದ್ದು ಈ ಚಳಿಗಾಲದಲ್ಲೇ. ಹೊಸದು ಕೊಳ್ಳಲು ಮಷೀನಿನ ಅಂಗಡಿಗೆ ಹೋದಳು. ಮಾರಾಟದವನು ಅವಳದೇ ವಯಸ್ಸಿನ ಗಂಡಸು, ಕುತ್ತಿಗೆಗೆ ಬಿಗಿಯಾದ ಟೈ. ಅವನು ಕೇಳಿದ ಮೊದಲ ಪ್ರಶ್ನೆ: "ಮನೇಲಿ ಎಷ್ಟು ಜನ ಮೇಡಂ?"

ಈ ಪ್ರಶ್ನೆಯ ಒಳಹೊರಗು ಅವಳಿಗೆ ಗೊತ್ತು. ಇಂಥದನ್ನು ಕೇಳಿಕೇಳಿಯೇ ಅವಳು ಅನ್ನ ಸಂಪಾದಿಸಿದ್ದು. ಕಾಣದ ಅಕ್ಷರವನ್ನು ಊಹೆಯ ಮೇಲೆ ಓದುವ ಗಿರಾಕಿಗಳನ್ನು, "ಯಾರಿಗೆ ಮೋಸ ಮಾಡ್ತಿದೀರಿ? ತಲೆನೋವು ಬರೋದು ನಿಮಗೇ ತಾನೇ?" ಎಂದು ಗದರುವವಳೂ ಅವಳೇ. ಆದರೂ ನಾಲಿಗೆ ಒಂದಿಷ್ಟೂ ತಡವರಿಸದೆ ಹೇಳಿತು: "ಇಬ್ಬರು."

ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಸಾದಾ ಮಷೀನಿತ್ತು. "ಅದು ಒಂಟಿಯಾಗಿರೋರಿಗೆ ಮೇಡಂ" ಎಂದ ಮಾರಾಟದವನು. ಅವಳು ಹಾವು ಕಂಡವಳಂತೆ ಆ ಕಡೆಯಿಂದ ಸರಿದಳು.

ಆಮೇಲೆ ಶುರುವಾಯಿತು ದೊಡ್ಡ ಮಷೀನಿನ ಪುರಾಣ. ಬಟ್ಟೆ ಒಣಗಿದ್ದನ್ನು ತಾನೇ ಕಂಡುಕೊಂಡು ನಿಲ್ಲುತ್ತದೆ. ಉಣ್ಣೆಗೆ ಬೇರೆಯೇ ಗುಂಡಿಯಿದೆ. ಅವಳಿಗೆ ಉಣ್ಣೆ ಮೈಗೆ ಆಗದು, ತುರಿಕೆ. ಆದರೆ ತಂಗಿಯ ಸ್ವೆಟರು ಒಮ್ಮೆ ಗೊಂಬೆಗೆ ಆಗುವಷ್ಟು ಕುಗ್ಗಿ, ವಾರವಿಡೀ ಮನೆಯಲ್ಲಿ ಮಾತುಕತೆ ನಿಂತಿತ್ತು. ಇದು ಬೇಕು ಎಂದಳು. ಸದ್ದು ಕಡಿಮೆ, ಅದೂ ಬೇಕು, ತಂಗಿಯ ನಿದ್ದೆ ಗೊತ್ತಲ್ಲ. ಕೆಲಸ ಮುಗಿದ ಮೇಲೂ ಆಗಾಗ ತಿರುಗುತ್ತಿರುತ್ತದೆ, ಬಟ್ಟೆ ತೆಗೆಯಲು ಮರೆತರೂ ಸುಕ್ಕಾಗುವುದಿಲ್ಲ. ಮರೆಯುವವಳು ಯಾರು? ತಂಗಿಯೇ. ಬೇಕು.

"ಆವಿ ಬಿಡೋ ಮಾಡೆಲ್ ಕೂಡ ಇದೆ ಮೇಡಂ. ಇಸ್ತ್ರಿ ಮಾಡೋ ಕಷ್ಟವೇ ಇರಲ್ಲ."

"ಅದು ಬೇಡ. ಇಸ್ತ್ರಿ ಮಾಡೋಳು ನಾನೇ."

"ಬಟ್ಟೆ ಒಣಗಿದ ತಕ್ಷಣ ನಿಮ್ಮ ಫೋನಿಗೆ ಮೆಸೇಜ್ ಬರೋ ಹಾಗೆ..."

"ನನಗೆ ಮೆಸೇಜ್ ಮಾಡೋಕೆ ಒಂದು ಮಷೀನು ಬೇಕೇನ್ರೀ?" ಎಂದು ಅವಳು ಸಿಡುಕಿದಳು. ಅವನು ಬಿಲ್ಲು ಪುಸ್ತಕ ತೆಗೆದ.

ಮಷೀನು ಬಂತು, ಗೋಡೆ ಪಕ್ಕ ರಾಜನ ಹಾಗೆ ಕುಳಿತಿತು. ಕನ್ನಡಕದಕ್ಕ ಒಗೆದಿಟ್ಟಿದ್ದ ತನ್ನ ಕೆಲಸದ ಬಿಳಿ ಕೋಟು, ಒಂದು ಅಂಗಿ, ಒಂದು ಜೊತೆ ಕಾಲುಚೀಲ ಹಾಕಿ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆಲ್ಲ ಮಷೀನು ಸಂಗೀತ ನುಡಿಸಿ ನಿಂತುಬಿಟ್ಟಿತು. ಬಾಗಿಲು ತೆರೆದರೆ ಕೋಟು ತೊಯ್ದು ತೊಪ್ಪೆ! ಮತ್ತೆ ಹಾಕಿದಳು, ಮತ್ತೆ ಅದೇ ಸಂಗೀತ, ಅದೇ ಒದ್ದೆ. ಫೋನು ಮಾಡಿ ಅಂಗಡಿಯವರ ಮೈಚಳಿ ಬಿಡಿಸಿದಳು. ಮರುದಿನ ಮಧ್ಯಾಹ್ನ ರಿಪೇರಿಯವನು ಬಂದ.

ಅವನು ಮಷೀನು ಬಿಚ್ಚಲಿಲ್ಲ. ಒಳಗೆ ಬಗ್ಗಿ ನೋಡಿದ, ಅವಳ ಕೈಯಲ್ಲಿದ್ದ ಬಟ್ಟೆ ನೋಡಿದ.

"ಇಷ್ಟೇನಾ ಅಮ್ಮಾ ಬಟ್ಟೆ?"

"ಇಷ್ಟೇ. ಯಾಕೆ?"

"ನೋಡಿ, ಇಲ್ಲಿ ಎರಡು ಲೋಹದ ಪಟ್ಟಿ ಇದೆ. ಒದ್ದೆ ಬಟ್ಟೆ ಇದಕ್ಕೆ ತಾಗ್ತಾ ಇದ್ರೇನೇ ಇನ್ನೂ ಒಣಗಿಲ್ಲ ಅಂತ ಇದಕ್ಕೆ ಗೊತ್ತಾಗೋದು. ಇಷ್ಟು ದೊಡ್ಡ ಹೊಟ್ಟೇಲಿ ಇಷ್ಟು ಬಟ್ಟೆ ಎಲ್ಲಿ ತಾಗುತ್ತೆ? ಒಳಗೆ ಏನೂ ಇಲ್ಲ ಅಂದ್ಕೊಂಡು ನಿಂತುಬಿಡುತ್ತೆ. ಮನೇಲಿ ಇಬ್ಬರಿದೀರಂತ ಅಂಗಡೀಲಿ ಹೇಳಿದ್ರಲ್ಲ? ಇನ್ನೊಬ್ಬರ ಬಟ್ಟೇನೂ ಜೊತೆಗೆ ಹಾಕಿ, ಸರಿಹೋಗುತ್ತೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಊರಿಗೆ ಹೋಗಿದಾಳೆ, ಬರ್ತಾಳೆ, ಇಂಥದ್ದೇ ಏನೋ. ಆದರೆ ಗಂಟಲಿನಿಂದ ಬೇರೆಯೇ ಮಾತು ಹೊರಬಂತು.

"ಇಬ್ಬರಿಲ್ಲ. ನಾನೊಬ್ಬಳೇ ಇರೋದು."

ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಮನೆ ಇನ್ನಷ್ಟು ದೊಡ್ಡದಾಗಿ ಕಂಡಿತು. ರಿಪೇರಿಯವನಿಗೂ ಮುಜುಗರವಾಗಿರಬೇಕು, ತಲೆ ತಗ್ಗಿಸಿ ಸಾಮಾನು ಜೋಡಿಸತೊಡಗಿದ.

"ಹಾಗಾದ್ರೆ ಟೈಮರ್ ಇಟ್ಟುಬಿಡಿ ಅಮ್ಮಾ. ಇಗೋ, ಈ ತಿರುಗಣಿ. ಒಂದೇ ಒಂದು ಕರ್ಚೀಫ್ ಹಾಕಿದ್ರೂ, ಇಟ್ಟಷ್ಟು ಹೊತ್ತು ತಿರುಗುತ್ತೆ. ಆದ್ರೆ ಇದು ಸಣ್ಣ ಮಷೀನಲ್ಲೂ ಇರುತ್ತೆ. ಇಷ್ಟೆಲ್ಲ ಯಾಕೆ ತಗೊಂಡ್ರಿ?"

ಅವಳು ಹೋಗಿ ಅವನಿಗೆ ಬಾಗಿಲು ತೆರೆದಳು.

ಸಂಜೆ ತಂಗಿಯ ಫೋನು. "ಅಕ್ಕಾ, ಹೊಸ ಮಷೀನು ಹೇಗಿದೆ?"

"ಚೆನ್ನಾಗಿದೆ ಕಣೇ. ಉಣ್ಣೆಗೆ ಬೇರೆ ಗುಂಡಿ ಇದೆ. ಸದ್ದೇ ಇಲ್ಲ. ಬಟ್ಟೆ ತೆಗೆಯೋಕೆ ಮರೆತ್ರೂ ಸುಕ್ಕಾಗಲ್ಲ."

ತಂಗಿ ಮೆಲ್ಲಗೆ ಕೇಳಿದಳು, "ಅದರಲ್ಲಿ ನಿನಗೆ ಅಂತ ಏನಿದೆ ಅಕ್ಕಾ?"

ಕನ್ನಡಕದಕ್ಕನ ಎದೆಯಲ್ಲಿ ಏನೋ ಕಳಚಿಬಿತ್ತು. "ನೀನು ವಾಪಸ್ ಬರ್ತೀಯ ಅಂದ್ಕೊಂಡಿದ್ದೆ. ಅವನ ಜೊತೆ ನಿನಗೆ ಏಗೋಕಾಗಲ್ಲ, ಬಂದೇ ಬರ್ತೀಯ ಅಂತ ದಿನಾ ಕಾದೆ. ನಿನ್ನ ಸಂಸಾರ ಮುರಿದು ಬೀಳೋದನ್ನೇ ಕಾದ ಹಾಗಾಯ್ತಲ್ಲೇ. ಎಂಥ ಅಕ್ಕ ನಾನು!"

"ಹಾಗನ್ಬೇಡ. ನೀನು ಕಾಯ್ತಿದೀಯ ಅಂತ ನನಗೆ ಗೊತ್ತಿತ್ತು, ಅದಕ್ಕೇ ಬರಲ್ಲ ಅಂತ ಹೇಳೋ ಧೈರ್ಯ ಬರಲಿಲ್ಲ." ತಂಗಿಯ ದನಿ ಒದ್ದೆಯಾಗಿತ್ತು. "ಈಗ ನಾನೂ ಅವರ ಜೊತೆಗೇ ಏಳ್ತೀನಿ ಅಕ್ಕಾ. ಯಾರೂ ಎಬ್ಬಿಸಲ್ಲ. ಎಚ್ಚರವಾಗಿಬಿಡುತ್ತೆ, ಅಷ್ಟೇ."

"ಒಳ್ಳೇದಾಯ್ತು" ಎಂದಳು ಅಕ್ಕ. ಮನಸಾರೆ ಅಂದ ಮಾತು ಅದು. ತಂಗಿ ಸುಖವಾಗಿದ್ದಾಳೆ, ಇನ್ನೇನು ಬೇಕು ಎಂದು ತನ್ನನ್ನೇ ಕೇಳಿಕೊಂಡಳು. ಬೇಕಾದದ್ದು ಇನ್ನೂ ಇತ್ತು, ಆದರೆ ಅದು ಬರುವುದಿಲ್ಲವೆಂದು ಈಗ ಅವಳಿಗೆ ಗೊತ್ತಾಗಿತ್ತು. ಫೋನಿಟ್ಟು, ಕೋಟನ್ನು ಒಳಗೆ ಹಾಕಿ ಟೈಮರ್ ತಿರುಗಿಸಿ, ಮಷೀನಿನ ಮುಂದೆ ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಬೆಳಿಗ್ಗೆ ಅಂಗಡಿಗೆ ಹಾಕಿಕೊಂಡು ಹೋಗಲು ಕೋಟು ಒಣಗಿತ್ತು.