ಮೇಷ್ಟ್ರ ಕೆಮ್ಮು

ನಂಜನಗೂಡಿನಲ್ಲಿ ಬಾಹ್ಯಾಕಾಶದ ಸಿನಿಮಾ ನೋಡಿ ತಿ. ನರಸೀಪುರಕ್ಕೆ ಮರಳುವಾಗ, ಬಸ್ಸಿನಲ್ಲಿ ಗೆಳೆಯರಿಗೆ ನಮ್ಮ ಫಿಸಿಕ್ಸ್ ಮೇಷ್ಟ್ರ ಮಿಮಿಕ್ರಿ ಮಾಡುತ್ತಿದ್ದೆ. "ಅಲ್ಲಿ ಗಾಳಿನೇ ಇಲ್ಲ ಕಣ್ಲಾ, ರಾಕೆಟ್ ಸಿಡಿದ್ರೆ ಢಮ್ ಅಂತ ಎಂಗ್ಲಾ ಕೇಳ್ತದೆ?" ಹಿಂದಿನ ಸೀಟಿನಿಂದ ಮೇಷ್ಟ್ರೇ ಅಂದರು: "ಪಾಠ ಸರಿ ಕಣ್ಲಾ, ನನ್ನ ಕೆಮ್ಮು ಬಿಟ್ಬುಟ್ಟೆ."

ಊರಿನವರ ದನಿಯೆಲ್ಲ ನನಗೆ ಬರುತ್ತದೆ. ನನ್ನದೊಂದೇ ಇನ್ನೂ ಕಲಿತಿಲ್ಲ.

ಈ ವರ್ಷ ಮೇಷ್ಟ್ರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಒಬ್ಬರೇ ಇದ್ದರು. "ಮನೇಲಿ ಸದ್ದೇ ಇಲ್ಲ ಕಣಪ್ಪ. ಒಂದ್ಸಲ ಅವರಂಗೆ ಮಾತಾಡು" ಅಂದರು.

ರಾಕೆಟ್ಟಿನ ಮಾತನ್ನೇ ಹೇಳಿ, ಈ ಸಲ ಮರೆಯದೆ ಕೆಮ್ಮಿದೆ. ಅವರು ತಟಕ್ಕನೆ ಎದ್ದು ನೀರು ತಂದರು. ಲೋಟ ಚಾಚಿದ ಮೇಲಷ್ಟೇ ನನ್ನ ಮುಖ ನೋಡಿದರು.

ನಾನು ಅಷ್ಟೂ ಕುಡಿದೆ.