ಹೊಗೆ ಹಾಕದ ಸಂಜೆ

ಇದನ್ನು ನಿಮಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಬೇರೆ ಏನೋ ಮಾತಾಡಿ ಸುಮ್ಮನಾಗಿದ್ದೇನೆ. ಇವತ್ತು ಹೇಳಿಬಿಡುತ್ತೇನೆ, ಮಕ್ಕಳೇ.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ನರಸಿಂಹರಾಜಪುರದ ಆಚೆ, ಭದ್ರೆಯ ಹಿನ್ನೀರಿನ ಪಕ್ಕದಲ್ಲಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರು ಬಿರಿಯುತ್ತಿತ್ತು. ಹೊತ್ತು ಇಳಿದರೆ ಸಾಕು, ಸಾಸಿವೆಗಿಂತ ಸಣ್ಣ ನುಸಿಗಳು ಮುತ್ತಿಕೊಳ್ಳುತ್ತಿದ್ದವು. ಹಳೇ ಮಡಕೆಯಲ್ಲಿ ಕೆಂಡ ಹಾಕಿ, ಮೇಲೆ ಹಸಿ ಲಕ್ಕಿ ಸೊಪ್ಪು ಹರಡಿ ಹೊಗೆ ಎಬ್ಬಿಸುವುದು ನನ್ನ ಕೆಲಸ. ಆ ಕಹಿ ಘಾಟು ನಮ್ಮ ಅಂಗಿಗಳಿಗೂ ಹಿಡಿದಿರುತ್ತಿತ್ತು.

ಆ ವರ್ಷ ಅಣ್ಣನ ಮದುವೆಯಾಗಿ ಅತ್ತಿಗೆ ಕಡೂರು ಕಡೆಯಿಂದ ಬಂದಿದ್ದರು. ತಾಯಿಯಿಲ್ಲದ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದವರು ಅವರೇ. ಒಲೆಯಿಂದ ಇಳಿದ ಮೊದಲ ರೊಟ್ಟಿಗೆ ತುಪ್ಪ ಸವರಿ ನನ್ನ ಕೈಗೇ ಕೊಡುತ್ತಿದ್ದರು. ಅಂಥವರು ತಂಗಿಯ ಮದುವೆಗೆಂದು ತವರಿಗೆ ಹೊರಡಲು ಪೆಟ್ಟಿಗೆ ತುಂಬಿಸಿದಾಗ ನಾನು ಆ ಪೆಟ್ಟಿಗೆಯ ಮೇಲೆ ಹತ್ತಿ ಕುಳಿತುಬಿಟ್ಟೆ. ಹೋದವರು ತಿರುಗಿ ಬರದೇ ಇರುವುದನ್ನು ನಾನು ಒಮ್ಮೆ ನೋಡಿದ್ದೆ.

ಒಂದು ಸಂಜೆ ಇಬ್ಬರೂ ನೀರಿನ ದಡಕ್ಕೆ ಹೋಗಿ ಕುಳಿತಿದ್ದೆವು. ನುಸಿ ಇಬ್ಬರಿಗೂ ಕಚ್ಚಿತು. ಬೆಳಿಗ್ಗೆ ನನ್ನ ಮೈಮೇಲೆ ಗುರುತೂ ಇರಲಿಲ್ಲ. ಅತ್ತಿಗೆಯ ಮುಖ, ಕೈಗಳ ತುಂಬ ಕೆಂಪು ಗುಳ್ಳೆಗಳು ಎದ್ದಿದ್ದವು.

ಮೈಮೇಲೆ ಗುಳ್ಳೆ ಏಳುವ ಸಿಡುಬನ್ನು ಆಗ ‘ಅಮ್ಮ’ ಎನ್ನುತ್ತಿದ್ದೆವು. ದೇವಿಯೇ ಮನೆಗೆ ಬಂದಳೆಂಬ ನಂಬಿಕೆ; ಅಮ್ಮ ಬಂದವರು ಹೊಸಿಲು ದಾಟುವಂತಿರಲಿಲ್ಲ. ನಾನು ಓಡಿಹೋಗಿ ಅಜ್ಜಿಗೆ ಹೇಳಿದೆ: “ಅಜ್ಜಿ, ಅತ್ತಿಗೆಗೆ ಅಮ್ಮ ಬಂದಂಗಿದೆ.”

“ನಿನ್ನೆ ನೀರ್ ತಾವ ಏನೋ ಕಚ್ಚಿದ್ದು ಅಜ್ಜೀ,” ಎಂದರು ಅತ್ತಿಗೆ. “ಇವನ್ನೇ ಕೇಳಿ, ಇವ್ನೂ ಇದ್ದ.”

ಅಜ್ಜಿ ನನ್ನ ಕಡೆ ತಿರುಗಿದರು.

“ನಂಗೆ ಎಂತದೂ ಕಚ್ಚಿಲ್ಲ,” ಎಂದೆ.

ಅಜ್ಜಿ ನನ್ನ ನುಣ್ಣಗಿನ ತೋಳು ಹೊರಳಿಸಿ ನೋಡಿದರು. “ನುಸಿ ಆಗಿದ್ರೆ ಇವ್ನಿಗೆ ಎಂತಕ್ಕೆ ಉಬ್ಬಲಿಲ್ಲ ಮಾರಾಯ್ತಿ? ಇದು ಅಮ್ಮನೇ.” ಕೈ ಮುಗಿದೇಬಿಟ್ಟರು.

ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ ನಿಂತಿತು. ಸಂಜೆ ನಾನು ಕೆಂಡದ ಮಡಕೆ ತಂದರೆ ಅಜ್ಜಿ ಗದರಿದರು: “ಹೊಗೆ ಬ್ಯಾಡ, ಅಮ್ಮಂಗೆ ಆಗಲ್ಲ. ಆರ್ಸು!” ನೀರು ಸುರಿದೆ, ಕೆಂಡ ಚುಂಯ್ ಎಂದಿತು. ಹೊಗೆಯಿಲ್ಲದ ಕೋಣೆಗೆ ನುಸಿಗಳು ನುಗ್ಗಿದವು. ಮರುದಿನ ಗುಳ್ಳೆಗಳು ಇನ್ನೂ ಹೆಚ್ಚಿದ್ದವು. ಅಜ್ಜಿಯ ಮಾತೇ ನಿಜವೆಂದು ಮನೆಯೆಲ್ಲ ನಂಬಿತು. ಕೊನೆಗೆ ಅತ್ತಿಗೆಯೂ ನಂಬಿದರು.

ತಂಗಿಯ ಮದುವೆಯ ದಿನ ಅವರು ಆ ಬೇವಿನ ಬಾಗಿಲ ಹಿಂದೆ ಕುಳಿತು, ಅಲ್ಲಿ ಹಾಡಬೇಕಿದ್ದ ಆರತಿ ಹಾಡನ್ನು ಮೆಲ್ಲಗೆ ಗುನುಗುತ್ತಿದ್ದರು. ನಾನು ಹೊಸಿಲ ಹತ್ತಿರ ಹೋದೆ. “ಒಳಗೆ ಬರಬ್ಯಾಡ ಕಣೋ, ನಿಂಗೂ ಬಂದೀತು,” ಎಂದರು.

ಮೊನ್ನೆ ನೀವು ರಜೆಗೆ ಬಂದ ಮಾರನೇ ದಿನವೇ ಪುಟ್ಟಿಯ ಕೈ ಹಾಗೇ ಉಬ್ಬಿತಲ್ಲ? ನಿಮ್ಮಮ್ಮ ಕೊಪ್ಪದ ಡಾಕ್ಟರಿಗೆ ಫೋಟೊ ಕಳಿಸಿದಳು. ರಕ್ತ ಹೀರುವಾಗ ಅದು ಹೆಪ್ಪುಗಟ್ಟದಿರಲೆಂದು ನುಸಿ ತನ್ನ ಜೊಲ್ಲನ್ನು ನಮ್ಮ ಚರ್ಮದೊಳಗೆ ಬಿಡುತ್ತದಂತೆ. ಮೈ ಆ ಜೊಲ್ಲನ್ನು ಹೊರಗಿನದೆಂದು ಗುರುತು ಹಿಡಿದು ಕಾದಾಡುತ್ತದೆ. ಆ ಉಬ್ಬು, ತುರಿಕೆ ಎಲ್ಲ ಅದರದ್ದೇ. ವರ್ಷಗಟ್ಟಲೆ ಕಚ್ಚಿಸಿಕೊಂಡ ಎಷ್ಟೋ ಮೈಗಳು, ನನ್ನದರಂತೆ, ಗಲಾಟೆ ಮಾಡುವುದನ್ನೇ ಬಿಡುತ್ತವಂತೆ.

ಪುಟ್ಟಿ ಮುಲಾಮು ಹಚ್ಚಿಕೊಂಡು ಆಟಕ್ಕೆ ಓಡಿದಳು. ನಿಮಗೆ ಸೊಳ್ಳೆಪರದೆ ಇದೆ, ಡಾಕ್ಟರು ಇದ್ದಾರೆ, ಫೋನಿದೆ. ಅತ್ತಿಗೆಗೆ ಇದ್ದ ಸಾಕ್ಷಿ ನಾನೊಬ್ಬನೇ.

ಕೆಲವು ಬೇಸಿಗೆ ಕಳೆದ ಮೇಲೆ ಅವರ ಮೈಯೂ ಉಬ್ಬುವುದನ್ನು ನಿಲ್ಲಿಸಿತು. “ನೋಡೋ, ನಾನೂ ನಿಮ್ಮೂರೋಳಾದೆ,” ಎಂದು ನಗುತ್ತಾ ತೋಳು ಚಾಚಿದ್ದರು. ಅವತ್ತಾದರೂ ಹೇಳಬಹುದಿತ್ತು. ಹೇಳಲಿಲ್ಲ. ಈಗ ಕೇಳಿಸಿಕೊಳ್ಳಲು ಅವರಿಲ್ಲ.

ಬದುಕಿಡೀ ಅತ್ತಿಗೆ ಎಂದಷ್ಟೇ ಕರೆದೆ. ಅವರ ಹೆಸರು ನೀಲಮ್ಮ.