ಭದ್ರಾವತಿಯಲ್ಲಿ ಎರಕ ಹೊಯ್ದ ಸೀಟು

ಶಿವಮೊಗ್ಗದ ಬಸ್ ಸ್ಟ್ಯಾಂಡಿನಿಂದ ಬೆಳಿಗ್ಗೆ ಎಂಟೂವರೆಗೆ ಹೊರಟೆವು. ಭದ್ರಾವತಿಗೆ ಇಪ್ಪತ್ತು ಕಿಲೋಮೀಟರ್ ಆದರೆ ಹೆಚ್ಚು. ಇಷ್ಟಕ್ಕೆಲ್ಲ ಪ್ರವಾಸ ಕಥನವೇ ಎಂದು ನೀವು ಮೂಗು ಮುರಿಯಬಹುದು. ಕಥೆ ಕಿಲೋಮೀಟರ್ ಲೆಕ್ಕದಲ್ಲಿ ಹುಟ್ಟುವುದಾದರೆ ಲಾರಿ ಡ್ರೈವರುಗಳೇ ನಮ್ಮ ಮಹಾ ಸಾಹಿತಿಗಳಾಗಬೇಕಿತ್ತು. ಸರ್ಕಾರಿ ಬಸ್ಸಾದ್ದರಿಂದ ಚಿಕ್ಕಪ್ಪನ ಮಗಳು ಸಿಂಚನಾಗೆ ಪ್ರಯಾಣ ಪುಕ್ಕಟೆ, ನನಗೆ ಟಿಕೆಟ್ಟು. ಗಂಟೆಗೆ ಇನ್ನೂರು ಕಿಲೋಮೀಟರ್ ಓಡಿಸುವವಳಿಗೆ ಉಚಿತ, ನಿಂತ ಸೈಕಲ್ಲಿನಿಂದ ಬೀಳುವವನಿಗೆ ದುಡ್ಡು!

ಸಿಂಚನಾಗೆ ಹತ್ತೊಂಬತ್ತು. ಒಬ್ಬರೇ ಕೂರುವ, ಮೇಲೆ ಚಾವಣಿಯಿಲ್ಲದ ರೇಸ್ ಕಾರನ್ನು ಕಿರಿಯರ ಪಂದ್ಯಗಳಲ್ಲಿ ಓಡಿಸುತ್ತಾಳೆ. ಹೋದ ವರ್ಷ ಕೊಯಮತ್ತೂರಿನಲ್ಲಿ ಮೂರನೆಯವಳಾಗಿ ಓಡುತ್ತಿದ್ದವಳು ಏಳನೆಯವಳಾಗಿ ಮುಗಿಸಿದಳು. ಅವಳಿಗೆ ಕೊಟ್ಟ ಕಾರಿನ ಸೀಟು ಯಾರೋ ಉದ್ದನೆಯ ಹುಡುಗನ ಮೈಗೆ ಮಾಡಿದ್ದು. ಡಬ್ಬಿಯೊಳಗಿನ ಕಡಲೆಯ ಹಾಗೆ ಅಲ್ಲಾಡಿ ಪಕ್ಕೆ ನೊಂದು, ಕೊನೆಯ ಸುತ್ತುಗಳಲ್ಲಿ ಉದ್ದದ ಎಡತಿರುವು ಬಂದಾಗಲೆಲ್ಲ ಆಕ್ಸಿಲರೇಟರಿನಿಂದ ಕಾಲೆತ್ತಿಬಿಟ್ಟಳು. ಬೇಲಿಯಾಚೆ ನಿಂತು ಇಂಜಿನ್ ಸದ್ದು ಕುಸಿಯುವುದನ್ನು ನಾನು ಕೇಳಿದ್ದೆ. ಈ ಸಲ ತಂಡದವರು ಎರಡು ಜೊತೆ ಫೋಮ್ ದ್ರವದ ಡಬ್ಬಿ ಕಳಿಸಿ, ಭಾನುವಾರದೊಳಗೆ ನಿನ್ನ ಅಳತೆಯ ಸೀಟು ಮಾಡಿಸಿಕೊಂಡು ಬಾ, ಇಲ್ಲದಿದ್ದರೆ ಹಳೆಯದೇ ಗತಿ ಎಂದಿದ್ದರು. ನಾವು ಹೊರಟದ್ದು ಶುಕ್ರವಾರ.

ಭದ್ರಾವತಿಯಲ್ಲಿ ಇಳಿದಾಗ ಮೋಡ ಮುಸುಕಿ, ಊರಿಗೆ ಇನ್ನೂ ಪೂರ್ತಿ ಎಚ್ಚರವಾದಂತಿರಲಿಲ್ಲ. ಸೇತುವೆ ಹತ್ತಿರದ ಹೋಟೆಲಿನಲ್ಲಿ ಬಿಸಿ ಪಡ್ಡು ಬಂತು. ಸಿಂಚನಾ ಎರಡೇ ತಿಂದಳು.

"ಹೊಟ್ಟೆ ತುಂಬಾ ತಿಂದ್ರೆ ಅದೂ ಅಚ್ಚಲ್ಲಿ ಬರುತ್ತೆ ಮಾರಾಯ."

"ಹಾಗಾದ್ರೆ ನಿನ್ನ ಪಾಲು ನಾನೇ ತಿಂತೀನಿ. ದೇಶಸೇವೆ."

ನಾವು ಹುಡುಕಿ ಬಂದ ಸೆಲ್ವಂ ಮೇಸ್ತ್ರಿ ಕಬ್ಬಿಣದ ಕಾರ್ಖಾನೆಯ ಎರಕದ ಶಾಪಿನಲ್ಲಿ ಮೂವತ್ತು ವರ್ಷ ಅಚ್ಚು ಮಾಡಿ ನಿವೃತ್ತರಾದವರು. ಮನೆ ಹಿಂದಿನ ಶೆಡ್ಡಿನಲ್ಲಿ, ಕಾರಿನೊಳಗಿನ ಅಳತೆಗೆ ಸರಿಯಾಗಿ ಮರದ ಪೆಟ್ಟಿಗೆ ಮಾಡಿಟ್ಟಿದ್ದರು. ಅದರಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ, ರೇಸಿನ ಉಡುಪು ತೊಟ್ಟ ಸಿಂಚನಾಳನ್ನು ಅರೆ ಮಲಗಿದಂತೆ ಕೂರಿಸಿ, ದ್ರವಗಳನ್ನು ಬೆರೆಸಿ ಚೀಲದೊಳಗೆ ಹೊಯ್ದರು. ಅದು ದೋಸೆ ಹಿಟ್ಟಿನ ಹಾಗೆ ಉಬ್ಬಿ, ಅವಳ ಬೆನ್ನು ಪಕ್ಕೆಗಳನ್ನು ಅಪ್ಪಿ, ಹದಿನೈದು ನಿಮಿಷದಲ್ಲಿ ಗಟ್ಟಿಯಾಗಬೇಕು.

"ಅಚ್ಚು ಹಿಡಿಯೋ ತನಕ ಯಾರೂ ಮಾತಾಡಬಾರ್ದು," ಎಂದರು ಮೇಸ್ತ್ರಿ. "ನಮ್ಮ ಶಾಪಲ್ಲಿ ಕೆಮ್ಮೋನನ್ನೂ ಆಚೆ ಕಳಿಸ್ತಿದ್ವಿ."

ಏಳು ನಿಮಿಷ ಸುಮ್ಮನಿದ್ದೆ. ಅದು ನನ್ನ ಜೀವಮಾನದ ದಾಖಲೆ. ಎಂಟನೆಯ ನಿಮಿಷಕ್ಕೆ, ಕಂಡವರನ್ನೆಲ್ಲ ಅಣಕಿಸುವ ಚಟದ ನನ್ನ ಬಾಯಿ ತಾನಾಗಿ ಚಿಕ್ಕಪ್ಪನದಾಯಿತು. ಚಿಕ್ಕಪ್ಪ ಸಂಸ್ಕೃತ ಮೇಷ್ಟ್ರು. ಮಗಳು ರೇಸಿಗೆ ಹೊರಟಾಗಲೆಲ್ಲ ಹೇಳುವುದು ಒಂದೇ ಮಾತು. ಅವರದೇ ಮೂಗುದನಿಯಲ್ಲಿ ಅಂದೆ: "ಮಗೂ, ಗೆಲ್ಲು. ಆದ್ರೆ ನಿಧಾನವಾಗಿ ಓಡ್ಸು."

ಸಿಂಚನಾ ತುಟಿ ಕಚ್ಚಿದಳು. ಹೊಟ್ಟೆ ಕುಲುಕಿತು, ಮೈ ವಾಲಿತು.

ಗಟ್ಟಿಯಾದ ಮೇಲೆ ನೋಡಿದರೆ ಅವಳ ಎಡಪಕ್ಕೆಗೂ ಅಚ್ಚಿಗೂ ನಡುವೆ ಮೂರು ಬೆರಳು ಹೋಗುವಷ್ಟು ಸಂದು.

"ಏನಪ್ಪಾ ನೀನು, ನಗೂನೇ ಎರಕ ಹೊಯ್ದುಬಿಟ್ಯಲ್ಲ!" ಎಂದರು ಮೇಸ್ತ್ರಿ.

ಸಿಂಚನಾ ಬೈಯಲಿಲ್ಲ. "ಇನ್ನೊಂದೇ ಜೊತೆ ಇರೋದು, ಅಣ್ಣ," ಎಂದಳು. ಬೈದಿದ್ದರೆ ಅದನ್ನೂ ಅಣಕಿಸಿ ಪಾರಾಗುತ್ತಿದ್ದೆ.

ಎರಡನೆಯ ಸಲ ಅವಳು ಕಲ್ಲಿನಂತೆ ಕೂತಳು. ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. "ಇದು ಫೋಟೋಗೆ ಕೂತಂಗಿದೆಯಮ್ಮಾ. ಓಡಿಸೋವಾಗ ಹೆಂಗಿರ್ತೀಯೋ ಹಂಗೆ ಕೂರು." ಸ್ಟೇರಿಂಗಿನ ಬದಲಿಗೆ ತಮ್ಮ ಹಳೆಯ ದುಂಡನೆಯ ಮರಳು ಜರಡಿಯನ್ನು ಅವಳ ಕೈಗಿತ್ತರು. ಆದರೂ ಹೆಗಲು ಸಡಿಲಾಗಲಿಲ್ಲ. ಅವಳು ಕಣ್ಣು ಮುಚ್ಚಿದಳು.

"ಅಣ್ಣ, ಬಾಯಲ್ಲಿ ಇಂಜಿನ್ ಸದ್ದು ಮಾಡು."

"ಮೇಸ್ತ್ರಿ ನನ್ನನ್ನ ಆಚೆ ಕಳಿಸ್ತಾರೆ."

"ತಮಾಷೆ ಬೇಡ. ಕೊಯಮತ್ತೂರು ಮಾಡು. ಗಟ್ಟಿಯಾಗೋ ತನಕ ನಿಲ್ಲಿಸ್ಬೇಡ."

ಮೇಸ್ತ್ರಿ ನನ್ನನ್ನೊಮ್ಮೆ ದಿಟ್ಟಿಸಿ, ದ್ರವ ಬೆರೆಸಿ ಹೊಯ್ದರು. ನಾನು ಶುರುಮಾಡಿದೆ. ಯಾರನ್ನೂ ಗೇಲಿ ಮಾಡದೆ ದನಿ ತೆಗೆದದ್ದು ಅದೇ ಮೊದಲು. ಗೇರು ಏರಿತು, ಇನ್ನೊಂದು ಏರಿತು. ಶೆಡ್ಡಿನ ಗೋಡೆಗಳು ಮೆಲ್ಲನೆ ಹಿಂದೆ ಸರಿದವು. ಹಂಚಿನ ಸಂದಿಯಿಂದ ಇಳಿದ ಬೆಳಕು ಕಪ್ಪು ರಸ್ತೆಯಾಗಿ ಬಿಚ್ಚಿಕೊಂಡಿತು. ಅವಳ ಹೆಗಲು ಸಡಿಲಾಯಿತು. ಮೈ ಅಲುಗಲಿಲ್ಲ, ಉಸಿರು ಮಾತ್ರ ತಿರುವುಗಳನ್ನು ಹಿಡಿದು ಹೋಯಿತು. ಎಷ್ಟು ಸುತ್ತಾಯಿತೋ, ನಾವು ಭದ್ರಾವತಿಯಲ್ಲಿದ್ದೆವು ಎನ್ನಲು ನನ್ನ ಬಳಿ ಸಾಕ್ಷಿಯಿಲ್ಲ.

ಆ ಎಡತಿರುವು ಬಂದಾಗ ನನ್ನ ಗಂಟಲು ಹೋದ ವರ್ಷ ಕೇಳಿದ್ದನ್ನೇ ಒಪ್ಪಿಸತೊಡಗಿತು. ಸದ್ದು ಕುಸಿಯಿತು.

"ಇಳಿಸ್ಬೇಡ," ಎಂದಳು, ಕಣ್ಣು ತೆರೆಯದೆ.

ಇಳಿಸಲಿಲ್ಲ. ಉಸಿರು ಕಟ್ಟಿ, ಕಿವಿ ಗುಂಯ್ಗುಟ್ಟಿ, ತಿರುವು ಮುಗಿಯುವವರೆಗೂ ಹಿಡಿದೆ. ಅವಳ ಮುಖದಲ್ಲಿ ಏನೋ ಹಗುರಾಯಿತು.

ಆಮೇಲೆ ಮೇಸ್ತ್ರಿ ಅಚ್ಚನ್ನು ಪೆಟ್ಟಿಗೆಯಿಂದ ತೆಗೆದು ಅವಳನ್ನು ಮತ್ತೆ ಅದರಲ್ಲಿ ಕೂರಿಸಿ, ಪಕ್ಕದಲ್ಲಿ ಬೆರಳು ತೂರಿಸಲು ನೋಡಿದರು. ತೂರಲಿಲ್ಲ. "ಆಯ್ತಮ್ಮಾ. ಈಗ ಇದು ನಿಂದು." ನಾನೂ ಒಮ್ಮೆ ಕೂತು ನೋಡಿದೆ. ಸೊಂಟ ಸಿಕ್ಕಿಕೊಂಡು, ಇಬ್ಬರೂ ಸೇರಿ ಎಳೆಯಬೇಕಾಯಿತು.

ನಾಲ್ಕು ಗಂಟೆಯ ಬಸ್ಸಿನಲ್ಲಿ ಮರಳಿದೆವು. ಕಂಡಕ್ಟರ್ ಅಚ್ಚನ್ನು ಕುಟ್ಟಿ, "ಇದೇನಮ್ಮ?" ಎಂದ.

"ನನ್ನ ಸೀಟು."

"ಬಸ್ಸಲ್ಲೇ ಕೊಡ್ತೀವಲ್ಲಮ್ಮ, ಮನೆಯಿಂದ ಯಾಕೆ ತಂದ್ರಿ?"

ಸಿಂಚನಾ ನಕ್ಕಳು, ಈಗ ನಕ್ಕರೆ ಏನೂ ಕೆಡುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಸೀಟನ್ನು ತಬ್ಬಿಕೊಂಡೇ ನಿದ್ದೆ ಹೋದಳು. ತುಂಗೆಯ ಸೇತುವೆ ಬಂತು. ಕೆಳಗೆ ಹೊಳೆ ಬೆಳ್ಳಗೆ ಮಲಗಿತ್ತು. ಮುಂದೆ ಆಟೋಗಳ ಸಾಲು ಕಂಡು ಡ್ರೈವರ್ ಗೇರು ಇಳಿಸಿದ, ಬಸ್ಸಿನ ದನಿ ಕುಸಿಯಿತು. ನಾನು ಅವಳ ಕಾಲಿನತ್ತ ನೋಡಿದೆ. ಬಲಪಾದ ಬಸ್ಸಿನ ನೆಲವನ್ನು ಒತ್ತಿಕೊಂಡಿತ್ತು. ಸೇತುವೆ ದಾಟುವವರೆಗೂ ಎತ್ತಲಿಲ್ಲ.